ಕೋವಿಡ್ ಆದೇಶ ಮುಗಿಯಿತು, ಕೇಸು ಮುಗಿಯಿತಾ? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದಲ್ಲಿ ಕೋವಿಡ್ ನಿರ್ಬಂಧಗಳನ್ನೆಲ್ಲ ತೆಗೆದದ್ದು 2022ರ ಗುಡಿ ಪಾಡ್ವಾ ಹೊತ್ತಿಗೆ. ಆದರೂ ಡೊಂಬಿವ್ಲಿ, ಭಾಂಡುಪ್, ವಸಾಯಿ ಕಡೆಯ ನಮ್ಮವರು ಈಗಲೂ ಅದೇ ವಿಷಯ ಹಿಡಿದುಕೊಂಡು ಬರುತ್ತಾರೆ. ಒಬ್ಬರ ಹೋಟೆಲ್ ಮೇಲೆ ಹಳೇ ಕೇಸು ಇದೆ. ಇನ್ನೊಬ್ಬರ ಮಗನ ಪಾಸ್‌ಪೋರ್ಟ್ ನಿಂತಿದೆ. ಮತ್ತೊಬ್ಬರಿಗೆ ಆಗ ಕಟ್ಟಿದ ದಂಡ ಅನ್ಯಾಯ ಅನ್ನುವ ಸಂಕಟ ಇನ್ನೂ ಹೋಗಿಲ್ಲ. ಎಲ್ಲರಿಗೂ ಒಂದೊಂದಾಗಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಇದು ಸಾಮಾನ್ಯ ಮಾಹಿತಿ ಅಷ್ಟೇ. ನಿಮ್ಮ ಕೇಸಿನ ಕಾಗದ ನೋಡಿ ಹೇಳುವ ವಕೀಲರ ಮಾತೇ ನಿಮಗೆ ಮುಖ್ಯ.

ಆದೇಶವೇ ಈಗ ಇಲ್ಲ. ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದಾ?

ಮಾಡಬಹುದು. ಆದರೆ ಹೈಕೋರ್ಟಿನಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಆ ಆದೇಶದಿಂದ ನಿಮ್ಮ ಮೇಲೆ ಇವತ್ತಿಗೂ ಉಳಿದಿರೋದು ಏನು? ಕ್ರಿಮಿನಲ್ ಕೇಸು ಉಳಿದಿದೆಯಾ, ಸಂಬಳ ಬಾಕಿ ಇದೆಯಾ, ಲೈಸೆನ್ಸ್ ಹೋಗಿದೆಯಾ, ದಂಡ ಕಟ್ಟಿದ್ದೀರಾ? ಏನಾದರೂ ಉಳಿದಿದ್ದರೆ ಅರ್ಜಿಗೆ ಜೀವ ಇದೆ. ಏನೂ ಉಳಿದಿಲ್ಲ, ಆದೇಶ ತಪ್ಪಾಗಿತ್ತು ಅಂತ ಒಂದು ತೀರ್ಪು ಮಾತ್ರ ಬೇಕು ಅಂದರೆ, ಹೆಚ್ಚಿನ ಸಲ 'ಇನ್‌ಫ್ರಕ್ಚುವಸ್' ಅಂತ ಬರೆದು ಮುಗಿಸಿಬಿಡುತ್ತಾರೆ. ಅಂದರೆ ಈಗ ಕೊಡುವುದಕ್ಕೆ ಪರಿಹಾರವೇ ಇಲ್ಲ, ಅರ್ಜಿ ವಿಲೇವಾರಿ ಮಾಡಿದ್ದೇವೆ ಅಂತ.

ಅರ್ಜಿಯಲ್ಲಿ ಏನು ಬರೆಯುತ್ತೀರಿ ಅನ್ನೋದು ಇದರಿಂದಲೇ ನಿರ್ಧಾರವಾಗುತ್ತದೆ. "2021ರ ಆದೇಶ ರದ್ದು ಮಾಡಿ" ಅಂತ ಬರೆದರೆ ಸರ್ಕಾರಿ ವಕೀಲರು ಎದ್ದು ನಿಂತು "ಅದು ಯಾವತ್ತೋ ರದ್ದಾಗಿದೆ ಸ್ವಾಮಿ" ಅಂತಾರೆ, ಅಲ್ಲಿಗೆ ಮುಗೀತು. "ಆ ಆದೇಶದ ಮೇಲೆ ನನ್ನ ವಿರುದ್ಧ ಹಾಕಿದ ಕೇಸು ರದ್ದು ಮಾಡಿ" ಅಂತ ಕೇಳಿದರೆ ಅದೇ ಉತ್ತರ ಕೊಟ್ಟು ಅವರು ಕೂರೋಕೆ ಆಗಲ್ಲ.

ಈ ಆದೇಶಗಳನ್ನು ಹೊರಡಿಸಿದ ಕಾನೂನಾದರೂ ಹೋಯಿತಾ?

ಇಲ್ಲ, ಎರಡೂ ಇವೆ. ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಇನ್ನೊಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ, ಎಲ್ಲರೂ ಡಿಎಂ ಆಕ್ಟ್ ಅಂತ ಕರೆಯೋದು. 1897ರ ಕಾಯ್ದೆ ಹುಟ್ಟಿದ್ದೇ ಈ ಊರಿನ ಕಾರಣಕ್ಕೆ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿತು, ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಸ್ ಅದನ್ನು ಗುರುತಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಬ್ರಿಟಿಷರು ಕೆಲವೇ ಕಲಮುಗಳ ಪುಟ್ಟ ಕಾಯ್ದೆ ತಂದರು. ಪುಣೆಯಲ್ಲಿ ಪ್ಲೇಗ್ ಹೆಸರಲ್ಲಿ ಮನೆ ಮನೆಗೆ ನುಗ್ಗಿ ತಪಾಸಣೆ ಮಾಡಿದ್ದಕ್ಕೆ ಜನ ಎಷ್ಟು ರೊಚ್ಚಿಗೆದ್ದರು ಅಂದರೆ, 1897ರ ಜೂನ್‌ನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು.

ಅದೇ ಕಾಯ್ದೆಯ 2ನೇ ಕಲಮು ಹಿಡಿದುಕೊಂಡು ಮಹಾರಾಷ್ಟ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಕೋವಿಡ್ ನಿಯಮಾವಳಿ ಹೊರಡಿಸಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಗಿದದ್ದು ಆದೇಶಗಳು ಮಾತ್ರ, ಅಧಿಕಾರ ಹಾಗೇ ಇದೆ. ನಾಳೆ ಇನ್ನೊಂದು ರೋಗ ಬಂದರೆ ಅದೇ ಕಲಮು, ಹೆಚ್ಚುಕಮ್ಮಿ ಅದೇ ಒಕ್ಕಣೆ. ಹಳೇ ಆದೇಶ ಸರಿಯೋ ತಪ್ಪೋ ಅನ್ನೋದನ್ನು ಕೋರ್ಟುಗಳು ಹೇಳದೆ ಬಿಟ್ಟಾಗ ನನಗೆ ಬೇಸರ ಆಗೋದು ಇದಕ್ಕೇ.

ಎರಡು ಡೋಸ್ ಆಗದವರಿಗೆ ಲೋಕಲ್ ಟ್ರೇನ್ ಇಲ್ಲ ಅಂದಿದ್ದರಲ್ಲ, ಆ ಕೇಸು ಏನಾಯಿತು?

ಹೆಚ್ಚು ಜನ ಕೇಳೋದು ಇದನ್ನೇ. ನಮ್ಮ ಎಷ್ಟೋ ಜನರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ ಆಗಿತ್ತು. 2021ರ ಆಗಸ್ಟ್ 15ರಿಂದ, ಎರಡನೇ ಡೋಸ್ ಆಗಿ 14 ದಿನ ಕಳೆದವರಿಗೆ ಮಾತ್ರ ಲೋಕಲ್ ಅಂದರು. ಸ್ಟೇಷನ್ ಹೊರಗೆ ಒಂದು ಟೇಬಲ್, ಅಲ್ಲಿ ಸರ್ಟಿಫಿಕೇಟ್ ಮತ್ತು ಆಧಾರ್ ನೋಡಿ ಸೀಲು ಹಾಕಿ ಕೊಡೋರು, ಆ ಸೀಲು ಇದ್ದರೆ ಮಾತ್ರ ಕೌಂಟರಿನಲ್ಲಿ ಮಾಸಿಕ ಪಾಸ್. ಕಲ್ಯಾಣ್, ವಿರಾರ್ ಕಡೆಯಿಂದ ಬರುವ ಹೋಟೆಲ್ ಕೆಲಸದವರಿಗೆ ಲೋಕಲ್ ಬಿಟ್ಟರೆ ಕೆಲಸಕ್ಕೆ ಮುಟ್ಟುವ ಬೇರೆ ದಾರಿ ಎಲ್ಲಿದೆ ಹೇಳಿ?

ಇದರ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2022ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಾಂಕರ್ ದತ್ತಾ ಮತ್ತು ನ್ಯಾಯಮೂರ್ತಿ ಎಂ.ಎಸ್. ಕರ್ಣಿಕ್ ಅವರ ಪೀಠ ಕಡತ ತರಿಸಿ ನೋಡಿತು. ಲಸಿಕೆ ಒಳ್ಳೆಯದೋ ಕೆಟ್ಟದೋ ಅನ್ನೋ ಚರ್ಚೆಗೆ ಅಲ್ಲಿ ಸಿಕ್ಕಿಬೀಳಲಿಲ್ಲ, ಆದೇಶ ಹೊರಟ ರೀತಿಯನ್ನೇ ಹಿಡಿಯಿತು. ಡಿಎಂ ಆಕ್ಟಿನಡಿ ಇರುವ ರಾಜ್ಯ ಕಾರ್ಯಕಾರಿ ಸಮಿತಿ ಕೂತು ತೀರ್ಮಾನ ಮಾಡಬೇಕಾದ ವಿಷಯ ಇದು. ಆಗಿನ ಮುಖ್ಯ ಕಾರ್ಯದರ್ಶಿಯೇ ಹೊರಡಿಸಿದ ಆ ಆದೇಶಗಳು ನಿಯಮ ಹೇಳಿದ ಕ್ರಮದಲ್ಲಿ ಇಲ್ಲ ಅಂತ ಹೇಳಿ, ನೀವೇ ವಾಪಸ್ ತಗೊಳ್ಳಿ ಅಂತ ಸರ್ಕಾರಕ್ಕೆ ಸೂಚಿಸಿತು. ಸರ್ಕಾರ ವಾಪಸ್ ತಗೊಂಡಿತು. ಆಮೇಲೆ ಮಾರ್ಚ್ 1ರಂದು ಹೊಸ ಆದೇಶ ಹೊರಡಿಸಿ ಎರಡು ಡೋಸಿನ ಷರತ್ತನ್ನು ಮತ್ತೆ ಹಾಕಿತು! ಒಂದು ತಿಂಗಳಲ್ಲಿ ಎಲ್ಲ ನಿರ್ಬಂಧವೂ ಹೋಯಿತು.

ಈ ಓಟ ಗಮನಿಸಿ. ಕೋರ್ಟಿಗೆ ಹೋದಾಗ ಒಂದು ಆದೇಶ, ವಾದ ಮುಗಿಯುವ ಹೊತ್ತಿಗೆ ಅದು ಇಲ್ಲ, ಅದರ ಜಾಗದಲ್ಲಿ ಬೇರೆ ನಂಬರಿನ ಅಂಥದ್ದೇ ಆದೇಶ. ಅರ್ಜಿ ಹಾಕಿದವರು ಮತ್ತೆ ಮೊದಲಿಂದ ಶುರು ಮಾಡಬೇಕು. ಇದು ಬೇಕಂತಲೇ ಮಾಡಿದ್ದು ಅಂತ ನಾನು ಹೇಳೋದಿಲ್ಲ. ಆದರೆ ಕೆಲಸ ಕಳೆದುಕೊಂಡವನಿಗೆ ಎರಡೂ ಒಂದೇ ಅಲ್ವಾ.

ಸುಪ್ರೀಂ ಕೋರ್ಟ್ ಲಸಿಕೆ ಕಡ್ಡಾಯ ತಪ್ಪು ಅಂದಿತ್ತಲ್ಲ?

ಅರ್ಧ ನಿಜ. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಕೇಸಿನಲ್ಲಿ ಬಂದ ತೀರ್ಪು ಅದು. ಯಾರ ಮೈಗೂ ಬಲವಂತವಾಗಿ ಲಸಿಕೆ ಚುಚ್ಚುವಂತಿಲ್ಲ, ಅದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಹಕ್ಕು ಅಂತ ಹೇಳಿತು. ಲಸಿಕೆ ಹಾಕಿಸಿಕೊಳ್ಳದವರಿಂದ ಸೋಂಕು ಜಾಸ್ತಿ ಹರಡುತ್ತದೆ ಅನ್ನೋದಕ್ಕೆ ಸರ್ಕಾರಗಳು ಮಾಹಿತಿ ಮುಂದಿಡಲಿಲ್ಲ, ಹಾಗಾಗಿ ಅವರ ಮೇಲಿನ ನಿರ್ಬಂಧ ಆ ಹೊತ್ತಿಗೆ ಹದ ಮೀರಿದ್ದು, ಸೋಂಕು ಕಡಿಮೆ ಇರುವ ತನಕ ಅಂಥ ನಿರ್ಬಂಧ ಬೇಡ, ಮರುಪರಿಶೀಲಿಸಿ ಅಂತ ಸಲಹೆ ಕೊಟ್ಟಿತು. ಕೇಂದ್ರದ ಲಸಿಕೆ ನೀತಿಯೇ ತಪ್ಪು ಅಂತ ಹೇಳಲಿಲ್ಲ. ಹಿಂದೆ ನಿರ್ಬಂಧಕ್ಕೆ ಒಳಗಾದ ಎಲ್ಲರಿಗೂ ಪರಿಹಾರ ಕೊಡಿ ಅಂತಲೂ ಹೇಳಲಿಲ್ಲ. ವಾಟ್ಸಾಪಿನಲ್ಲಿ ಓಡಾಡುವ ಪೋಸ್ಟುಗಳು ಈ ಕೊನೆಯ ಎರಡು ಮಾತನ್ನು ಬಿಟ್ಟುಬಿಡುತ್ತವೆ.

ಆದೇಶ ಮುಗಿದ ಮೇಲೂ ಕೋರ್ಟು ದುಡ್ಡು ಕೊಡಿಸಿದ ಉದಾಹರಣೆ ಇದೆಯಾ?

ಇದೆ. ಎರಡು ಕೇಸು ಪಕ್ಕಪಕ್ಕ ಇಟ್ಟು ನೋಡಿ, ಇಡೀ ವಿಷಯ ಅರ್ಥ ಆಗುತ್ತದೆ.

ಮೊದಲನೆಯದು ಗುಜರಾತಿನದು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಕಾರ್ಖಾನೆ ಕಾಯ್ದೆಯ 5ನೇ ಕಲಮು ಬಳಸಿ ಒಂದು ಅಧಿಸೂಚನೆ ಹೊರಡಿಸಿತು. ದಿನಕ್ಕೆ 12 ಗಂಟೆ ದುಡಿಸಬಹುದು, ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಕೊಡಬೇಕಾಗಿಲ್ಲ. ಅದರ ಅವಧಿ ಜುಲೈನಲ್ಲಿ ಮುಗಿಯಿತು, ಅದೇ ಥರದ ಇನ್ನೊಂದು ಬಂತು. ಗುಜರಾತ್ ಮಜ್ದೂರ್ ಸಭಾ ಅನ್ನೋ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಕಲಮಿನಲ್ಲಿ ಹೇಳಿದ 'ಸಾರ್ವಜನಿಕ ತುರ್ತು ಪರಿಸ್ಥಿತಿ' ಅಂದರೆ ದೇಶದ ಭದ್ರತೆಗೆ ಅಪಾಯ ತರುವಂಥದ್ದು, ಕೋವಿಡ್ ಎಷ್ಟೇ ದೊಡ್ಡ ಸಂಕಟ ಆದರೂ ಅದರಲ್ಲಿ ಬರಲ್ಲ ಅಂತ 2020ರ ಅಕ್ಟೋಬರ್ 1ರಂದು ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಹೇಳಿತು. ಎರಡೂ ಅಧಿಸೂಚನೆ ರದ್ದು. ಮೊದಲನೆಯದು ಆಗಲೇ ಮುಗಿದಿದ್ದರೂ ಬಿಡಲಿಲ್ಲ, ಅದು ಹೊರಟ ದಿನದಿಂದಲೇ ಲೆಕ್ಕ ಹಾಕಿ ಓವರ್‌ಟೈಮ್ ಕೊಡಿ ಅಂತ ಆದೇಶ ಮಾಡಿತು. ದುಡಿದ ಬೆವರಿನ ದುಡ್ಡು ಬಾಕಿ ಇತ್ತು, ಅದಕ್ಕೇ ಕೇಸು ಸಾಯಲಿಲ್ಲ.

ಎರಡನೆಯದು ಫೈಕಸ್ ಪ್ಯಾಕ್ಸ್ ಕೇಸು. ಲಾಕ್‌ಡೌನ್ ದಿನಗಳಿಗೆ ಪೂರ್ತಿ ಸಂಬಳ ಕೊಡಲೇಬೇಕು ಅಂತ ಕೇಂದ್ರ ಗೃಹ ಇಲಾಖೆ 2020ರ ಮಾರ್ಚ್ 29ರಂದು ಆದೇಶ ಹೊರಡಿಸಿತ್ತು. ಮೇ 18ರಿಂದ ಅದು ಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಸಂಬಳ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಆದೇಶ ಕಾನೂನುಬದ್ಧವಾಗಿತ್ತಾ ಅನ್ನೋದನ್ನು ಆ ದಿನ ತೀರ್ಮಾನಿಸಲಿಲ್ಲ. ಕೂತು ಮಾತಾಡಿ ಅಂದರೆ, ತಟ್ಟೆ ತೊಳೆಯುವ ಹುಡುಗ ಮಾಲೀಕರ ಎದುರು ಏನು ಮಾತಾಡುತ್ತಾನೆ? ಹೋಟೆಲ್ ನಡೆಸುವ ನಮ್ಮವರಿಗೂ ಆಗ ಗಲ್ಲಾ ಖಾಲಿಯೇ ಇತ್ತು, ಅದೂ ನಿಜ. ಆದರೆ ಪ್ರಶ್ನೆಗೆ ಉತ್ತರ ಸಿಗದೆ ಉಳಿದಾಗ ನಷ್ಟ ತಿನ್ನೋದು ಕೈಯಲ್ಲಿ ಏನೂ ಇಲ್ಲದವನು.

ಜಾರಿಯಲ್ಲಿ ಇರುವಾಗಲೇ ಹೋದವರಿಗೆ ಗೆಲುವು ಸಿಕ್ಕಿದೆಯಾ?

ಸಿಕ್ಕಿದೆ. 65 ದಾಟಿದ ಕಲಾವಿದರು, ತಂತ್ರಜ್ಞರು ಶೂಟಿಂಗ್ ಸೆಟ್ಟಿಗೆ ಬರುವಂತಿಲ್ಲ ಅನ್ನೋ ಷರತ್ತನ್ನು ಬಾಂಬೆ ಹೈಕೋರ್ಟು 2020ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಅದೇ ವಯಸ್ಸಿನವರು ಅಂಗಡಿ ತೆರೆದು ಕೂರಬಹುದು, ಸೆಟ್ಟಿನಲ್ಲಿ ಮಾತ್ರ ಕೆಲಸ ಮಾಡಬಾರದು ಅಂದರೆ ಅದು ನಿಲ್ಲುವ ಮಾತಲ್ಲ. ಅದೇ ತಿಂಗಳು ಔರಂಗಾಬಾದ್ ಪೀಠ ತಬ್ಲೀಗಿ ಜಮಾತ್‌ಗೆ ಬಂದಿದ್ದ 29 ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಅಂತ ಹೇಳಿತು. ಕೋವಿಡ್ ಅಲ್ಲದ ರೋಗಿಗಳಿಗೂ ಖಾಸಗಿ ಆಸ್ಪತ್ರೆಗಳ ದರ ತಾನೇ ನಿಗದಿ ಮಾಡುತ್ತೇನೆ ಅಂದ ಸರ್ಕಾರಕ್ಕೆ ನಾಗಪುರ ಪೀಠದಲ್ಲಿ ಸೋಲಾಯಿತು.

ನನ್ನ ಮೇಲೆ 188ರ ಕೇಸು ಇದೆ. ಆದೇಶ ಹೋದ ಮೇಲೆ ಕೇಸೂ ಹೋಯಿತು ತಾನೇ?

ತನ್ನಷ್ಟಕ್ಕೆ ಹೋಗಲ್ಲ. ಎಷ್ಟೋ ಜನ ಇದನ್ನೇ ನಂಬಿಕೊಂಡು ಕೂತಿದ್ದಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸರ್ಕಾರಿ ನೌಕರ ಹೊರಡಿಸಿದ ಆದೇಶ ಮೀರಿದ್ದಕ್ಕೆ ಶಿಕ್ಷೆ ಹೇಳುವುದು ಭಾರತೀಯ ದಂಡ ಸಂಹಿತೆಯ 188ನೇ ಕಲಮು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223 ಬಂದಿದೆ. ಆದರೆ ಅದಕ್ಕೆ ಹಿಂದಿನ ಘಟನೆಗಳಿಗೆ ಹಳೇ ಕಲಮೇ ಅನ್ವಯ. ಆದೇಶ ಜಾರಿಯಲ್ಲಿದ್ದ ದಿನ ನೀವು ಅದನ್ನು ಮೀರಿದ್ದು ನಿಜವಾದರೆ, ನಾಳೆ ಆದೇಶ ಹೋಯಿತು ಅನ್ನೋ ಒಂದೇ ಕಾರಣಕ್ಕೆ ಅವತ್ತಿನ ಅಪರಾಧ ಅಳಿಸಿಹೋಗಲ್ಲ ಅಂತ ಸರ್ಕಾರ ವಾದಿಸುತ್ತದೆ. ನಿಮ್ಮ ಕಡೆಯ ವಕೀಲರು ಬೇಕಾದರೆ 1969ರ ರಾಯಲ ಕಾರ್ಪೊರೇಷನ್ ತೀರ್ಪು ತೆಗೆಯಬಹುದು. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳಲ್ಲಿ ಒಂದನ್ನು 1965ರಲ್ಲಿ ತೆಗೆದುಹಾಕಿದ್ದರು, 1968ರಲ್ಲಿ ಅದರಡಿ ಹೊಸದಾಗಿ ದೂರು ಹಾಕಿದರು, ಅದು ನಡೆಯಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಆಮೇಲಿನ ತೀರ್ಪುಗಳಲ್ಲಿ ಈ ಚರ್ಚೆ ಬೆಳೆದಿದೆ. 188 ಅನ್ನೋದು ಸ್ವತಃ ತಾತ್ಕಾಲಿಕ ನಿಯಮ ಆಗಿರಲಿಲ್ಲ ಅನ್ನೋ ವ್ಯತ್ಯಾಸವೂ ಇದೆ. ಹಾಗಾಗಿ ಇದೊಂದನ್ನೇ ನಂಬಿಕೊಳ್ಳಬೇಡಿ.

ಇದಕ್ಕಿಂತ ಗಟ್ಟಿ ಆಸರೆಗಳು ಬೇರೆ ಇವೆ. 188ರ ಕೇಸನ್ನು ಕೋರ್ಟು ವಿಚಾರಣೆಗೆ ತಗೊಳ್ಳಬೇಕಾದರೆ ಸಂಬಂಧಪಟ್ಟ ಸರ್ಕಾರಿ ನೌಕರನೋ ಅವನ ಮೇಲಧಿಕಾರಿಯೋ ಲಿಖಿತ ದೂರು ಕೊಟ್ಟಿರಬೇಕು. ಇದು ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 195ನೇ ಕಲಮು, ಸುಪ್ರೀಂ ಕೋರ್ಟ್ 2010ರ ಮುನಿಯಪ್ಪನ್ ತೀರ್ಪಿನಲ್ಲಿ ಕಡ್ಡಾಯ ಅಂತ ಹೇಳಿದೆ. ಲಾಕ್‌ಡೌನ್ ಗಡಿಬಿಡಿಯಲ್ಲಿ ಪೊಲೀಸರು ಬರೀ ಎಫ್‌ಐಆರ್ ಮಾಡಿ ಚಾರ್ಜ್‌ಶೀಟ್ ಹಾಕಿದ ಕೇಸುಗಳು ಇಲ್ಲಿ ಬಿದ್ದುಹೋಗಬಹುದು. ಡಿಎಂ ಆಕ್ಟ್ ಕೇಸಿಗೂ 60ನೇ ಕಲಮಿನಲ್ಲಿ ಹೀಗೇ ಒಂದು ತಡೆ ಇದೆ. ಇನ್ನೊಂದು ಕಾಲಮಿತಿ. ಹೆಚ್ಚೆಂದರೆ 1 ವರ್ಷ ಜೈಲು ಇರುವ ಅಪರಾಧಕ್ಕೆ 1 ವರ್ಷದ ಒಳಗೆ ಕೋರ್ಟಿಗೆ ಬಂದಿರಬೇಕು, 188 ಇದರಲ್ಲೇ ಬರುತ್ತದೆ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕದ ಕಾಲವನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿತ್ತು. ಅದು ಇಂಥ ಕೇಸಿಗೂ ಸಲ್ಲುತ್ತದೆ ಅಂತಲೇ ಇಟ್ಟುಕೊಂಡರೂ ಆ ಗಡುವು ಯಾವತ್ತೋ ದಾಟಿದೆ. ಆದರೆ ನೆನಪಿಡಿ, ಲೆಕ್ಕಕ್ಕೆ ಬರೋದು ದೂರು ಅಥವಾ ಚಾರ್ಜ್‌ಶೀಟ್ ಸಲ್ಲಿಸಿದ ತಾರೀಖು. ಅದು ಸಮಯಕ್ಕೆ ಸರಿಯಾಗಿ ಬಂದಿದ್ದರೆ ಕೇಸು ವರ್ಷಗಟ್ಟಲೆ ಎಳೆಯಬಹುದು.

ಲಾಕ್‌ಡೌನ್ ಕೇಸು ವಾಪಸ್ ಅಂತ ಸರ್ಕಾರವೇ ಹೇಳಿತ್ತಲ್ಲ?

ಹೌದು, 188ರಂಥ ಕೇಸುಗಳನ್ನು ಹಿಂಪಡೆಯುವುದಾಗಿ ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಹೇಳಿತು. ಆದರೆ ಸರ್ಕಾರ ಹೇಳಿದ ದಿನವೇ ನಿಮ್ಮ ಕೇಸು ಮುಗಿಯಲ್ಲ. ಸರ್ಕಾರಿ ಅಭಿಯೋಜಕರು ಆಯಾ ಕೋರ್ಟಿನಲ್ಲಿ ಅರ್ಜಿ ಹಾಕಬೇಕು, ಮ್ಯಾಜಿಸ್ಟ್ರೇಟರು ಒಪ್ಪಬೇಕು. ನಿಮ್ಮ ಕೇಸಿನಲ್ಲಿ ಆ ಆದೇಶ ಆಗಿದೆಯಾ ಅಂತ ನೀವೇ ನೋಡಬೇಕು. ಪೊಲೀಸರ ಮೇಲೋ ಆರೋಗ್ಯ ಸಿಬ್ಬಂದಿ ಮೇಲೋ ಕೈಮಾಡಿದ ಆರೋಪ ಸೇರಿದ್ದರೆ ಈ ರಿಯಾಯಿತಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಕೇಸು ಇದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಪಾಸ್‌ಪೋರ್ಟಿಗೆ ತೊಂದರೆ ಆಗುತ್ತಾ?

ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ. ಮುಂಬೈಯಲ್ಲಿ ಯಾವ ಪೊಲೀಸ್ ಠಾಣೆ ಯಾವ ಕೋರ್ಟಿಗೆ ಬರುತ್ತದೆ ನೋಡಿಕೊಳ್ಳಿ: ಅಂಧೇರಿ, ಬಾಂದ್ರಾ, ಕುರ್ಲಾ, ಬೋರಿವಲಿ, ಮುಲುಂಡ್ ಹೀಗೆ. ಡೊಂಬಿವ್ಲಿಯವರಿಗೆ ಕಲ್ಯಾಣ್. ನಮ್ಮ ಹೆಸರುಗಳನ್ನು ಇಲ್ಲಿನ ಠಾಣೆಯಲ್ಲಿ ಅವರಿಗೆ ಕೇಳಿಸಿದ ಹಾಗೆ ಬರೆದಿರುತ್ತಾರೆ. ಶೆಟ್ಟಿ, ಶೆಟ್ಟೀ, ಸೆಟ್ಟಿ, ಅಪ್ಪನ ಹೆಸರು ಮೊದಲು ಅಥವಾ ಕೊನೆಗೆ, ಎಲ್ಲ ರೀತಿಯಲ್ಲೂ ಹುಡುಕಿ. ಎಫ್‌ಐಆರ್ ನಂಬರ್ ಸಿಕ್ಕಿದರೆ ಕೆಲಸ ಸುಲಭ.

ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಕೋರ್ಟಿನಲ್ಲಿ ಕೇಸು ಬಾಕಿ ಇದೆ ಅಂತ ಪಾಸ್‌ಪೋರ್ಟ್ ಕಚೇರಿ ಹೇಳುವಂತಿಲ್ಲ, ಕೋರ್ಟು ಅದನ್ನು ವಿಚಾರಣೆಗೆ ತಗೊಂಡಿರಬೇಕು. ತಗೊಂಡಿದ್ದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ ವಿದೇಶಕ್ಕೆ ಹೋಗಲು ಅನುಮತಿ ತಗೊಂಡು ಪಾಸ್‌ಪೋರ್ಟ್ ಪಡೆಯಬಹುದು. ಫಾರಂನಲ್ಲಿ ಮಾತ್ರ ಯಾವತ್ತೂ ಮುಚ್ಚಿಡಬೇಡಿ. 188ಕ್ಕಿಂತ ಆ ಸುಳ್ಳೇ ದೊಡ್ಡ ತಲೆನೋವು ಆಗುತ್ತದೆ.

ಮಾಸ್ಕಿಗೆ ಕಟ್ಟಿದ 200 ರೂಪಾಯಿ ವಾಪಸ್ ಬರುತ್ತಾ?

ನೇರವಾಗಿ ಹೇಳುತ್ತೇನೆ, ಅದರ ಹಿಂದೆ ಹೋಗಬೇಡಿ. ದುಡ್ಡು ವಾಪಸ್ ಕೇಳುವ ದಾವೆಗೆ ಸಾಮಾನ್ಯವಾಗಿ 3 ವರ್ಷದ ಮಿತಿ. ಹೈಕೋರ್ಟಿಗೆ ಹೋದರೂ ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ರಸ್ತೆಯಲ್ಲಿ ಪಾಲಿಕೆಯ ಮಾರ್ಷಲ್ ಹರಿದುಕೊಟ್ಟ ರಸೀದಿ ಬೇರೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತು "ತಪ್ಪಾಯಿತು" ಅಂದು ಕಟ್ಟಿದ ದಂಡ ಬೇರೆ. ಮೊದಲನೆಯದರಿಂದ ನೀವು ಅಪರಾಧಿ ಆಗಲ್ಲ. ಎರಡನೆಯದು ಶಿಕ್ಷೆ ಅಂತ ದಾಖಲಾಗುತ್ತದೆ. ಬೇಗ ಮುಗಿಯಲಿ, ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕು ಅಂತ ನಮ್ಮ ಹುಡುಗರು ಹೀಗೆ ಒಪ್ಪಿಕೊಂಡು ಬಂದದ್ದು ಉಂಟು, ಅದರ ಬಿಸಿ ತಟ್ಟೋದು ಮುಂದೆ ಸರ್ಕಾರಿ ಕೆಲಸದ ಫಾರಂ ತುಂಬುವಾಗ. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಗೆ ದಾರಿ ತುಂಬಾ ಕಿರಿದು, ತಡವಾದ ರಿವಿಷನ್ ಅರ್ಜಿಗೆ ವಿಳಂಬದ ಕಾರಣ ಹೇಳಬೇಕು. ಇಂಥವರು ದಯವಿಟ್ಟು ವಕೀಲರನ್ನು ನೋಡಿ. ಖರ್ಚಿಗೆ ಕಷ್ಟ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅರ್ಹತೆ ಇದ್ದರೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಹೆಂಗಸರಿಗೆ ಆದಾಯದ ಮಿತಿ ಕೂಡ ಇಲ್ಲ.

ಊರಿಗೆ ಹೋಗುವಾಗ ಕರ್ನಾಟಕದ ಗಡಿಯಲ್ಲಿ ಕೇಸು ಹಾಕಿದ್ದರು. ಇಲ್ಲಿಂದಲೇ ಬಗೆಹರಿಸಬಹುದಾ?

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಬಾಗಿಲು ಹಾಕಿದ್ದು, ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯಲ್ಲಿ ಗಾಡಿಗಳು ಸಾಲುಗಟ್ಟಿದ್ದು ಯಾರಿಗೆ ಮರೆಯುತ್ತದೆ. ಆದರೆ ಅಲ್ಲಿ ದಾಖಲಾದ ಕೇಸು ಅಲ್ಲಿನ ಕೋರ್ಟಿನದೇ. ಮಹಾರಾಷ್ಟ್ರ ಸರ್ಕಾರದ ಹಿಂಪಡೆಯುವ ನಿರ್ಧಾರ ಅದಕ್ಕೆ ಸಲ್ಲಲ್ಲ. ಎಫ್‌ಐಆರ್ ರದ್ದು ಮಾಡಿಸಬೇಕಾದರೂ ಕರ್ನಾಟಕ ಹೈಕೋರ್ಟಿಗೇ ಹೋಗಬೇಕು, ನಿಪ್ಪಾಣಿ ಇರುವ ಬೆಳಗಾವಿ ಜಿಲ್ಲೆಯ ಕೇಸಾದರೆ ಧಾರವಾಡ ಪೀಠ.

ಹೊಡೆದ, ಬೈದ ಅಧಿಕಾರಿ ಮೇಲೆ ಕೇಸು ಹಾಕಬಹುದಾ?

1897ರ ಕಾಯ್ದೆಯ 4ನೇ ಕಲಮು, ಡಿಎಂ ಆಕ್ಟಿನ 73ನೇ ಕಲಮು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತವೆ. ಲಾಠಿ ಬೀಸಿ ಮೂಳೆ ಮುರಿದದ್ದು ಸದುದ್ದೇಶ ಅಲ್ಲ. ಆದರೆ ಅವತ್ತಿನ ಆಸ್ಪತ್ರೆ ಚೀಟಿ, ಫೋಟೋ, ಸಾಕ್ಷಿ ಇಲ್ಲದೆ ಇವತ್ತು ಹೊರಟರೆ ನಿಲ್ಲೋದು ಕಷ್ಟ.

ಬೇರೆ ದೇಶಗಳಲ್ಲೂ ಹೀಗೇನಾ?

ಅಲ್ಲೂ ಇದೇ ಜಗ್ಗಾಟ. ಅಮೆರಿಕದಲ್ಲಿ ವಿಮಾನ, ರೈಲುಗಳಲ್ಲಿ ಮಾಸ್ಕ್ ಕಡ್ಡಾಯ ಅನ್ನೋ ಆದೇಶವನ್ನು ಫ್ಲೋರಿಡಾದ ನ್ಯಾಯಾಧೀಶರೊಬ್ಬರು 2022ರ ಏಪ್ರಿಲ್‌ನಲ್ಲಿ ರದ್ದು ಮಾಡಿದರು. ಸರ್ಕಾರ ಮೇಲ್ಮನವಿ ಹಾಕಿತು. ಅಷ್ಟರಲ್ಲಿ 2023ರ ಮೇ ತಿಂಗಳಲ್ಲಿ ತುರ್ತು ಪರಿಸ್ಥಿತಿಯೇ ಮುಗಿಯಿತು. ಮೇಲಿನ ಕೋರ್ಟು ಜೂನ್‌ನಲ್ಲಿ ಕೇಸಿಗೆ ಅರ್ಥ ಉಳಿದಿಲ್ಲ ಅಂದು, ಕೆಳಗಿನ ತೀರ್ಪನ್ನೂ ಅಳಿಸಿಹಾಕಿತು. ಗೆದ್ದವರ ಕೈಯಲ್ಲಿ ತೀರ್ಪೂ ಉಳಿಯಲಿಲ್ಲ. ಅದೇ ದೇಶದಲ್ಲಿ 2020ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಚರ್ಚು, ಸಿನಗಾಗ್‌ಗಳ ಮೇಲಿನ ಮಿತಿ ಸಡಿಲವಾದ ಮೇಲೂ, ಮತ್ತೆ ಯಾವಾಗ ಬೇಕಾದರೂ ಹೇರಬಹುದಲ್ಲ ಅಂತ ಸುಪ್ರೀಂ ಕೋರ್ಟು ತಡೆ ಕೊಟ್ಟಿತ್ತು. ಇಂಗ್ಲೆಂಡಿನ ಡೋಲನ್ ಕೇಸಿನಲ್ಲಿ ಲಾಕ್‌ಡೌನ್ ನಿಯಮಗಳು ಹೋಗಿದ್ದರೂ, ಸರ್ಕಾರಕ್ಕೆ ಅಂಥ ಅಧಿಕಾರ ಇತ್ತಾ ಅನ್ನೋ ಒಂದು ಪ್ರಶ್ನೆಯನ್ನು ಮೇಲ್ಮನವಿ ಕೋರ್ಟು ಎತ್ತಿಕೊಂಡು ಉತ್ತರ ಕೊಟ್ಟಿತು. ಉತ್ತರ ಸರ್ಕಾರದ ಪರವಾಗಿಯೇ ಬಂತು. ಆದರೂ ನನಗೆ ಆ ರೀತಿ ಸರಿ ಅನ್ನಿಸುತ್ತದೆ. ಜನರಿಗೆ ಉತ್ತರ ಸಿಕ್ಕಿತು, ಮುಂದಿನ ಸಲ ಏನು ಮಾಡಬೇಕು ಅಂತ ಸರ್ಕಾರಕ್ಕೂ ಗೊತ್ತಾಯಿತು.

ಮುಂದೆ ಇಂಥ ಆದೇಶ ಬಂದರೆ ಏನು ಮಾಡಬೇಕು?

ಬೇಗ ಹೋಗಿ. ಜಾರಿಯಲ್ಲಿ ಇರುವಾಗಲೇ ಅರ್ಜಿ ಹಾಕಿ, ಮಧ್ಯಂತರ ತಡೆ ಕೇಳಿ. ಬರೀ ಆದೇಶ ರದ್ದು ಮಾಡಿ ಅಂತ ನಿಲ್ಲಿಸಬೇಡಿ, ಅದರಿಂದ ಆದ ನಷ್ಟ, ಕಟ್ಟಿದ ದಂಡ, ಹಾಕಿದ ಕೇಸು ಎಲ್ಲವನ್ನೂ ಅರ್ಜಿಯಲ್ಲಿ ಸೇರಿಸಿ. ನಡುವೆ ಸರ್ಕಾರ ಆದೇಶ ಬದಲಿಸಿದರೆ ಹೊಸ ಅರ್ಜಿಗೆ ಓಡಬೇಡಿ, ಇದ್ದ ಅರ್ಜಿಯನ್ನೇ ತಿದ್ದಲು ಅನುಮತಿ ಕೇಳಿ. ಕೋರ್ಟು ಮುಗಿಸಲೇ ಹೊರಟರೆ, ಎಲ್ಲ ವಾದಗಳನ್ನೂ ಮುಕ್ತವಾಗಿ ಇಟ್ಟಿದೆ ಅನ್ನೋ ಒಂದು ಸಾಲನ್ನಾದರೂ ಆದೇಶದಲ್ಲಿ ಬರೆಸಿಕೊಳ್ಳಿ. ಮುಂದೆ ಅದೇ ಪ್ರಶ್ನೆ ಎತ್ತಲು ಆ ಸಾಲು ಬೇಕಾಗುತ್ತದೆ.

ಆಮೇಲೆ ಕಾಗದ. ಆದೇಶದ ಪ್ರತಿಯನ್ನು ಅವತ್ತೇ ಇಳಿಸಿಕೊಂಡು ಇಟ್ಟುಕೊಳ್ಳಿ, ಸಹಿ ಯಾರದು, ಯಾವ ಕಲಮಿನಡಿ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅಂತ ಕಾಣುವ ಹಾಗೆ. 2021ರ ಏಪ್ರಿಲ್‌ನ 'ಬ್ರೇಕ್ ದಿ ಚೈನ್' ದಿನಗಳಲ್ಲಿ ಹೋಟೆಲುಗಳಿಗೆ ಪಾರ್ಸೆಲ್ ಮಾತ್ರ ಅಂದಿದ್ದರು. ಏಪ್ರಿಲ್ 4ಕ್ಕೆ ಒಂದು ಆದೇಶ, ಹತ್ತೇ ದಿನದಲ್ಲಿ ಇನ್ನಷ್ಟು ಬಿಗಿಯಾದ ಇನ್ನೊಂದು. ಅದರ ಮೇಲೆ ಪಾಲಿಕೆಯ ಸುತ್ತೋಲೆ ಬೇರೆ. ನಿಮ್ಮ ಮೇಲೆ ಕೇಸು ಹಾಕಿದ ದಿನ ಇವುಗಳಲ್ಲಿ ಯಾವುದು ಜಾರಿಯಲ್ಲಿತ್ತು ಅಂತ ತೋರಿಸಲು ಆ ಪ್ರತಿಯೇ ಬೇಕು. ಎಫ್‌ಐಆರ್‌ನಲ್ಲಿ ಬರೆದಿರುವ ಆದೇಶದ ನಂಬರನ್ನು ಅದರ ಜೊತೆ ಇಟ್ಟು ನೋಡಿ. ಆ ದಿನಕ್ಕೆ ಮೊದಲೇ ಮುಗಿದುಹೋದ ಆದೇಶದ ನಂಬರ್ ಅಲ್ಲಿದ್ದರೆ, ವಕೀಲರಿಗೆ ಮೊದಲು ಅದನ್ನೇ ತೋರಿಸಿ.